ರಾತ್ರಿಯಿಡೀ 64ರಲ್ಲೇ ನಿಂತ ಟ್ಯಾಂಕ್: ಒಂದು ಪ್ರಕರಣ ಅಧ್ಯಯನ

ಡಿಸೆಂಬರ್ ತಿಂಗಳ ಒಂದು ಮುಂಜಾನೆ, ಇನ್ನೂ ಮಂಜು ಕರಗಿರಲಿಲ್ಲ, ಗುಡ್ಡದ ಬುಡದ ಕಣದಲ್ಲಿ ಒಟ್ಟಿದ್ದ ರಾಗಿ ಮೆದೆ ಕಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿತ್ತು. ಮಳೆ ಬಂದಿರಲಿಲ್ಲ. ನೀರು ಇಳಿದು ಬಂದದ್ದು ಗುಡ್ಡದ ಮೇಲಿನ ಟ್ಯಾಂಕಿನಿಂದ. ಕಾವೇರಿಯಿಂದ ಎತ್ತಿ, ಸೋಸಿ, ಕ್ಲೋರಿನ್ ಹಾಕಿ ಹನ್ನೊಂದು ಊರುಗಳಿಗೆಂದು ಪಂಪ್ ಮಾಡಿದ ಕುಡಿಯುವ ನೀರು ಅದು. ಅದೇ ಹೊತ್ತಿಗೆ ನಾಲ್ಕು ಕಿಲೋಮೀಟರ್ ಆಚೆ, ಶುದ್ಧೀಕರಣ ಘಟಕದ ಕಂಟ್ರೋಲ್ ರೂಮಿನ ಪರದೆಯ ಮೇಲೆ ಆ ಟ್ಯಾಂಕ್ ಹಸಿರು ಬಣ್ಣದಲ್ಲಿ ನೆಮ್ಮದಿಯಾಗಿತ್ತು. ಪಕ್ಕದಲ್ಲಿ ಬರೆದಿತ್ತು: ಶೇಕಡಾ 64.

ಅದೇ ವಾರ ಯೋಜನೆಯ ಇನ್ನೊಂದು ತುದಿಯಲ್ಲಿ, ಪೈಪು ಮುಗಿಯುವ ಊರಿನಲ್ಲಿ, ಹೆಂಗಸರು ಖಾಲಿ ಕೊಡಗಳನ್ನು ಪಂಚಾಯಿತಿ ಕಚೇರಿಯ ಮುಂದೆ ಸಾಲಾಗಿಟ್ಟು ಕುಳಿತಿದ್ದರು. ಪರದೆಯ ಲೆಕ್ಕದಲ್ಲಿ ಆ ಊರಿನ ಟ್ಯಾಂಕಿನಲ್ಲಿ ಶೇಕಡಾ 72ರಷ್ಟು ನೀರಿತ್ತು.

ಇದು ಮಂಡ್ಯ ಜಿಲ್ಲೆಯಲ್ಲಿ ನಡೆದದ್ದು. ಇದಕ್ಕಿಂತ ಹೆಚ್ಚಿನ ಗುರುತು ಕೊಡುವುದಿಲ್ಲ. ತಾಲ್ಲೂಕು, ಗುತ್ತಿಗೆದಾರರು, ಉಪಕರಣ ತಯಾರಿಸಿದವರು ಯಾರ ಹೆಸರೂ ಇಲ್ಲಿ ಬರುವುದಿಲ್ಲ. ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ನಾನು ಮೈಸೂರಿನಲ್ಲಿದ್ದು ಇಂಥ ವ್ಯವಸ್ಥೆಗಳನ್ನು ರಿಪೇರಿ ಮಾಡುವವನು. ಕರೆ ಬಂದದ್ದು ರಾಗಿ ನೆನೆದ ಮೇಲೆ.

ಹಿನ್ನೆಲೆ

ಯೋಜನೆಯ ಮೈಕಟ್ಟು ಸರಳ. ನದಿಯ ದಂಡೆಯಲ್ಲಿ ನೀರೆತ್ತಲೆಂದೇ ಕಟ್ಟಿದ ಬಾವಿ, ಅಂದರೆ ಜಾಕ್‌ವೆಲ್‌ನಿಂದ ನೀರೆತ್ತುತ್ತಾರೆ, ಶುದ್ಧೀಕರಿಸಿ ಸಂಪಿಗೆ ಬಿಡುತ್ತಾರೆ, ಅಲ್ಲಿಂದ ಗಂಟೆಗೆ ಸುಮಾರು 1 ಲಕ್ಷ ಲೀಟರ್ ತಳ್ಳುವ ಪಂಪು ಅದನ್ನು ಗುಡ್ಡದ ಮೇಲಿನ 5 ಲಕ್ಷ ಲೀಟರ್ ಟ್ಯಾಂಕಿಗೆ ಏರಿಸುತ್ತದೆ. ಒಂದು ಪಂಪು ಓಡಿದರೆ ಇನ್ನೊಂದು ಸರದಿಗಾಗಿ ಕಾಯುತ್ತದೆ. ಗುಡ್ಡದಿಂದ ನೀರು ತನ್ನ ಭಾರಕ್ಕೆ ತಾನೇ ಇಳಿದು ಹನ್ನೊಂದು ಊರುಗಳ ಓವರ್‌ಹೆಡ್ ಟ್ಯಾಂಕುಗಳನ್ನು ತುಂಬುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 1,800 ಜನರಿರುವ ಕೊನೆಯ ಊರಿಗೆ ಅದು 99,000 ಲೀಟರ್ ಆಗುತ್ತದೆ. ಅಲ್ಲಿ ಕಟ್ಟಿರುವುದು 1 ಲಕ್ಷ ಲೀಟರ್ ಟ್ಯಾಂಕ್. ಅಂದರೆ ದಿನಾ ತುಂಬಬೇಕು, ದಿನಾ ಖಾಲಿಯಾಗಬೇಕು. ಒಂದು ದಿನ ತುಂಬದೇ ಹೋದರೆ ಮರುದಿನಕ್ಕೆಂದು ಎತ್ತಿಟ್ಟ ನೀರು ಇರುವುದಿಲ್ಲ.

ಹಿಂದೆ ಇದನ್ನೆಲ್ಲ ನಡೆಸುತ್ತಿದ್ದವರು ನೀರುಗಂಟಿಗಳು. ಕೆರೆಯ ತೂಬೆತ್ತಿ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುತ್ತಿದ್ದವನ ಹೆಸರು ಅದು. ಈಗ ಪಂಚಾಯಿತಿಯ ವಾಲ್ವ್ ತಿರುಗಿಸುವವನಿಗೂ ಅದೇ ಹೆಸರು ಉಳಿದಿದೆ. ಹೊಸ ಯೋಜನೆ ಬಂದಾಗ ಅವರ ಕೆಲಸದ ಬಹುಪಾಲನ್ನು ಸ್ಕಾಡಾ ವಹಿಸಿಕೊಂಡಿತು. ಒಂದೆಡೆ ಕುಳಿತು ದೂರದ ಯಂತ್ರಗಳ ಮೇಲೆ ಕಣ್ಣಿಡಲು, ಅವುಗಳನ್ನು ಅಲ್ಲಿಂದಲೇ ಚಾಲೂ ಬಂದ್ ಮಾಡಲು ಇರುವ ಗಣಕ ವ್ಯವಸ್ಥೆಯೇ ಸ್ಕಾಡಾ. ಪ್ರತಿ ಟ್ಯಾಂಕಿನ ಮೇಲ್ಛಾವಣಿಯಲ್ಲಿ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಇರುತ್ತದೆ. ಅದು ಕೆಳಕ್ಕೆ ಧ್ವನಿ ಬಿಟ್ಟು, ನೀರಿಗೆ ಬಡಿದು ಹಿಂದಿರುಗುವ ಪ್ರತಿಧ್ವನಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸುತ್ತದೆ. ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹೊತ್ತು ಗೊತ್ತಾದರೆ ದೂರ ಗೊತ್ತಾಯಿತು, ದೂರ ಗೊತ್ತಾದರೆ ಮಟ್ಟ ಗೊತ್ತಾಯಿತು. ಆ ಮಟ್ಟ ತಂತಿಯಲ್ಲಿ ಕರೆಂಟಾಗಿ ಇಳಿದು ಆರ್‌ಟಿಯು ಎಂಬ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಗೆ ಸೋಲಾರ್ ಪ್ಯಾನೆಲ್, ಬ್ಯಾಟರಿ, ಸಿಮ್ ಹಾಕಿದ ಮೋಡೆಮ್ ಇವೆ. ಕಂಟ್ರೋಲ್ ರೂಮಿನ ಕಂಪ್ಯೂಟರ್ ನಿಮಿಷಕ್ಕೊಮ್ಮೆ ಪ್ರತಿ ಪೆಟ್ಟಿಗೆಯನ್ನೂ ಕೂಗಿ ಕೇಳುತ್ತದೆ: ನಿನ್ನಲ್ಲಿ ಎಷ್ಟಿದೆ?

ಇಲ್ಲಿ ಒಂದು ಸಂಗತಿ ಹೇಳಲೇಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸೆನ್ಸರಿನಿಂದ ಪೆಟ್ಟಿಗೆಗೆ ಬರುವ ಕರೆಂಟು 4 ಮಿಲಿಆಂಪಿಯರಿನಿಂದ 20 ಮಿಲಿಆಂಪಿಯರ್‌ವರೆಗೆ ಏರಿಳಿಯುತ್ತದೆ. ಖಾಲಿ ಟ್ಯಾಂಕಿಗೆ 4, ತುಂಬಿದ್ದಕ್ಕೆ 20. ಸೊನ್ನೆಯಿಂದ ಏಕೆ ಶುರುಮಾಡಲಿಲ್ಲ? ತಂತಿ ತುಂಡಾದರೆ ಕರೆಂಟು ಸೊನ್ನೆಯಾಗುತ್ತದೆ. ಖಾಲಿ ಟ್ಯಾಂಕೂ ಸೊನ್ನೆಯೇ ಆಗಿದ್ದರೆ ನೀರು ಮುಗಿದದ್ದೋ ತಂತಿ ಹರಿದದ್ದೋ ತಿಳಿಯುವುದಿಲ್ಲ. ಆದ್ದರಿಂದ ಖಾಲಿ ಎಂಬುದಕ್ಕೆ 4 ಕೊಟ್ಟು, ಗೊತ್ತಿಲ್ಲ ಎಂಬುದಕ್ಕೆ ಸೊನ್ನೆಯನ್ನು ಮೀಸಲಿಟ್ಟರು. ಕಂಪ್ಯೂಟರ್ ಪರದೆಗಳು ಬರುವ ಮೊದಲಿನ ತಲೆಮಾರಿನ ಉಪಕರಣದವರ ವಿವೇಕ ಇದು. ಈ ಯೋಜನೆಯಲ್ಲಿ ಟ್ಯಾಂಕಿನಿಂದ ಪೆಟ್ಟಿಗೆಯವರೆಗಿನ ಹತ್ತು ಮೀಟರ್ ತಂತಿಗೆ ಆ ವಿವೇಕವಿತ್ತು. ಪೆಟ್ಟಿಗೆಯಿಂದ ಪರದೆಯವರೆಗಿನ ಹಲವು ಕಿಲೋಮೀಟರಿಗೆ ಇರಲಿಲ್ಲ.

ನಿಯಂತ್ರಣದ ನಿಯಮಗಳು ಹೀಗಿದ್ದವು. ಗುಡ್ಡದ ಟ್ಯಾಂಕ್ ಶೇಕಡಾ 50ಕ್ಕಿಂತ ಇಳಿದರೆ ಪಂಪ್ ಚಾಲೂ, 95 ಮುಟ್ಟಿದರೆ ಬಂದ್. ಊರಿನ ಟ್ಯಾಂಕ್ 60ಕ್ಕಿಂತ ಇಳಿದರೆ ಒಳಬರುವ ವಾಲ್ವ್ ತೆರೆಯುತ್ತದೆ, 90ಕ್ಕೆ ಮುಚ್ಚುತ್ತದೆ. ಪ್ರತಿ ಊರಿನ ಪೆಟ್ಟಿಗೆಯಲ್ಲೂ ಒಂದು ತಿರುಗುಗುಂಡಿ: ಒಂದು ಕಡೆ ‘ಸ್ಥಳೀಯ’, ಇನ್ನೊಂದು ಕಡೆ ‘ದೂರ’. ‘ಸ್ಥಳೀಯ’ಕ್ಕೆ ತಿರುಗಿಸಿದರೆ ವಾಲ್ವ್ ನೀರುಗಂಟಿಯ ಮಾತು ಕೇಳುತ್ತದೆ.

ಬೀಗ

ಮೊದಲ ಒಂದೂವರೆ ವರ್ಷ ದೊಡ್ಡ ದೂರುಗಳೇನೂ ಬರಲಿಲ್ಲ. ಆಮೇಲೆ ನಡುವಿನ ಒಂದು ಊರಿನಲ್ಲಿ ನೀರುಗಂಟಿ ಗುಂಡಿಯನ್ನು ‘ಸ್ಥಳೀಯ’ಕ್ಕೆ ತಿರುಗಿಸಿ, ನೆಂಟರ ಮದುವೆಗೆ ಹೋಗಿ, ಟ್ಯಾಂಕ್ ಉಕ್ಕಿತು. ಇದನ್ನೇ ನೆಪ ಮಾಡಿಕೊಂಡು ನಿರ್ವಹಣೆಯವರು ಹನ್ನೊಂದೂ ಪೆಟ್ಟಿಗೆಗಳಿಗೆ ಬೀಗ ಜಡಿದು, ಕೀಲಿಗಳನ್ನು ಕಂಟ್ರೋಲ್ ರೂಮಿನ ಮೊಳೆಗೆ ನೇತುಹಾಕಿದರು. ಕಡತದಲ್ಲಿ ಕಾರಣ ‘ಅನಧಿಕೃತ ಹಸ್ತಕ್ಷೇಪ ತಡೆ’ ಎಂದಿದೆ.

ನಾಲ್ಕೇ ದಿನಗಳಲ್ಲಿ ಕೊನೆಯ ಊರಿನ ಟ್ಯಾಂಕ್ ಒಣಗಿತು.

ಆಗ ಎಲ್ಲರೂ ತಲುಪಿದ ತೀರ್ಮಾನ ಏನೆಂದರೆ, ಅಧಿಕಾರ ಕಳೆದುಕೊಂಡ ನೀರುಗಂಟಿ ಹಟಕ್ಕೆ ಬಿದ್ದು ಏನೋ ಕಿತಾಪತಿ ಮಾಡಿದ್ದಾನೆ. ಆತನಿಗೆ ನೋಟಿಸ್ ಹೋಯಿತು. ಪರದೆಯ ಮೇಲೆ 72 ಕಾಣುತ್ತಿರುವಾಗ ಊರಿನವರು ನೀರಿಲ್ಲ ಎಂದರೆ ಕಂಟ್ರೋಲ್ ರೂಮಿನಲ್ಲಿ ಕುಳಿತವನು ಯಾರನ್ನು ನಂಬುತ್ತಾನೆ? ಸ್ವಲ್ಪ ನ್ಯಾಯವಾಗಿ ನೋಡೋಣ: ಅವನು ಆ ಟ್ಯಾಂಕನ್ನು ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಊರಿನವರು ಫೋನ್ ಮಾಡಿ ಗೋಗರೆದರೆ ಪರದೆಯಿಂದಲೇ ವಾಲ್ವ್ ತೆರೆಯುತ್ತಿದ್ದ, ಫೋನ್ ಬಾರದ ದಿನ ಸುಮ್ಮನಿರುತ್ತಿದ್ದ.

ಬೀಗದಿಂದ ತೊಂದರೆ ಶುರುವಾಯಿತು ಎಂದು ಎಲ್ಲರೂ ಹೇಳಿದರು. ನಾನು ದಿನಾಂಕಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡಾಗ ಬೇರೆ ಅನುಮಾನ ಬಂತು. ತೊಂದರೆ ಮೊದಲ ದಿನದಿಂದಲೂ ಇದ್ದಿರಬೇಕು. ಬೀಗ ಬೀಳುವವರೆಗೆ ಅದನ್ನು ಯಾರೋ ದಿನಾ ಕೈಯಿಂದ ಮುಚ್ಚಿಹಾಕುತ್ತಿದ್ದರು.

ಸೆನ್ಸರ್ ಬದಲಾಯಿಸಿದರು, ಮೂರು ವಾರ ಸರಿಹೋಯಿತು

ಇತ್ತ ಗುಡ್ಡದ ಟ್ಯಾಂಕ್ ನವೆಂಬರಿನ ಶುರುವಿನಲ್ಲಿ ಒಮ್ಮೆ ಸಣ್ಣದಾಗಿ ಉಕ್ಕಿತ್ತು. ಸೆನ್ಸರ್ ಕೆಟ್ಟಿದೆ ಎಂದು ಹೊಸದನ್ನು ಹಾಕಿದರು. ಮೂರು ವಾರ ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ರಾಗಿ ಮೆದೆಯ ರಾತ್ರಿ.

ನಾನೂ ಅದೇ ಗುಂಡಿಗೆ ಬಿದ್ದೆ ಎಂದು ಒಪ್ಪಿಕೊಳ್ಳಬೇಕು. ಮುಚ್ಚಿದ ಟ್ಯಾಂಕಿನೊಳಗೆ ತೇವದ ಹಬೆ ಸೆನ್ಸರಿನ ಮುಖಕ್ಕೆ ಹನಿಗಟ್ಟುವುದು, ಜೇಡ ಬಲೆ ಕಟ್ಟುವುದು ಇವೆಲ್ಲ ನಾನು ಹತ್ತಾರು ಕಡೆ ನೋಡಿದ ಕಾಯಿಲೆಗಳು. ಕಂಡ ಕಾಯಿಲೆಯನ್ನೇ ಮತ್ತೆ ಹುಡುಕುತ್ತಾ ಎರಡು ದಿನ ಗುಡ್ಡದ ಮೇಲೆ ಕಳೆದೆ. ಮಧ್ಯಾಹ್ನದ ಬಿಸಿಲಿನಲ್ಲಿ ಟೇಪು ಇಳಿಬಿಟ್ಟು ಅಳೆದೆ, ಪರದೆಯ ಅಂಕಿಗೂ ಟೇಪಿಗೂ ಎರಡು ಸೆಂಟಿಮೀಟರ್ ವ್ಯತ್ಯಾಸವೂ ಇರಲಿಲ್ಲ. ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು ಇಳಿದೆ. ಬಿಸಿಲಿನಲ್ಲಿ ಅಳೆದದ್ದೇ ತಪ್ಪು ಎಂದು ಆಗ ಹೊಳೆಯಲಿಲ್ಲ.

ಕಾಪಿ ಪುಸ್ತಕ

ಮೂರನೆಯ ದಿನ ಕೊನೆಯ ಊರಿಗೆ ಹೋದೆ. ನೀರುಗಂಟಿ ಮೊದಲು ಮಾತನಾಡಲಿಲ್ಲ. ನೋಟಿಸ್ ಪಡೆದವರು ಸಾಮಾನ್ಯವಾಗಿ ಮಾತನಾಡುವುದಿಲ್ಲ. ಟ್ಯಾಂಕಿನ ಹೊರಮೈಯಲ್ಲಿ ಹಳೆಯ ಕಾಲದ ಮಟ್ಟದ ಹಲಗೆ ಇತ್ತು. ಒಳಗೆ ತೇಲುವ ಬುರುಡೆ, ಅದಕ್ಕೆ ಕಟ್ಟಿದ ಸರಿಗೆ ರಾಟೆಯ ಮೇಲೆ ಹಾದು ಹೊರಗೆ ಒಂದು ಕಬ್ಬಿಣದ ಗುರುತನ್ನು ಎಳೆಯುತ್ತದೆ. ಹಲಗೆಯ ಮೇಲೆ 0ಯಿಂದ 10ರವರೆಗೆ ಬಣ್ಣದ ಅಂಕಿಗಳು. ಅದನ್ನು ನೋಡಿ, ಇಳಿಯುವ ಪೈಪಿಗೆ ಒಂದು ಗುಂಡುಕಲ್ಲಿನಿಂದ ಎರಡು ಬಾರಿ ತಟ್ಟಿ, ಆತ ಹೇಳಿದ: “ಟೊಳ್ಳು. ನಾನು ಕೈ ಹಾಕುತ್ತಿದ್ದದ್ದು ನಿಜ ಸ್ವಾಮಿ. ಹಾಕದಿದ್ದರೆ ಅದು ತಾನಾಗಿ ತೆರೆಯುವುದೇ ಇಲ್ಲ.”

ಎಂದಿನಿಂದ ಎಂದು ಕೇಳಿದೆ. ಒಳಗೆ ಹೋಗಿ ಮಗಳ ಹಳೆಯ ಕಾಪಿ ಪುಸ್ತಕ ತಂದ. ಹಿಂಭಾಗದಿಂದ ತಿರುವಿದರೆ ದಿನಾಂಕ, ಹೊತ್ತು, ಹಲಗೆಯ ಅಂಕಿ, ಕಲ್ಲಿನ ಸದ್ದು. ‘ಬೆ. 5-30. ಹಲಗೆ 1. ಟೊಳ್ಳು. ತಿರುಗಿಸಿದೆ.’ ‘ಬೆ. 8-45. ಹಲಗೆ 9. ಮುಚ್ಚಿದೆ.’ ಟ್ಯಾಂಕ್ ಚಾಲೂ ಆದ ಎರಡನೆಯ ವಾರದಿಂದ ಬೀಗ ಬಿದ್ದ ದಿನದವರೆಗೆ ಹೀಗೇ. ಬೀಗ ಬಿದ್ದ ಮೇಲೂ ಬರೆಯುವುದನ್ನು ನಿಲ್ಲಿಸಿರಲಿಲ್ಲ. ‘ತಿರುಗಿಸಿದೆ’ ಎಂಬ ಮಾತು ಮಾತ್ರ ನಿಂತಿತ್ತು.

ಆ ಸಂಜೆ ಕಂಟ್ರೋಲ್ ರೂಮಿನಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕಂಪ್ಯೂಟರಿನಲ್ಲಿ ಅದೇ ದಿನಗಳ ಟ್ರೆಂಡ್ ಗೆರೆಗಳನ್ನು ತೆಗೆದೆ. ಹಲಗೆ 1 ಎಂದಿದ್ದ ಹೊತ್ತಿನಲ್ಲೆಲ್ಲ ಪರದೆ 72 ಎಂದಿತ್ತು. ಹಲಗೆ 9 ಎಂದಿದ್ದಾಗ ಪರದೆಯೂ 90ರ ಆಸುಪಾಸು. ಅಂದರೆ ಸೆನ್ಸರ್ ಮೇಲಿನ ನೀರನ್ನು ಸರಿಯಾಗಿ ನೋಡುತ್ತಿದೆ, ಕೆಳಗಿನದನ್ನು ನೋಡುತ್ತಿಲ್ಲ. ಒಂದೂವರೆ ವರ್ಷದಲ್ಲಿ ಆ ಗೆರೆ ಒಮ್ಮೆಯೂ 72ರಿಂದ ಕೆಳಗಿಳಿದಿರಲಿಲ್ಲ. ತಮಾಷೆ ಏನೆಂದರೆ, ಎಂದೂ ಕೆಳಗಿಳಿಯದ ಈ ಟ್ಯಾಂಕನ್ನು ಮಾಸಿಕ ವರದಿ ಇಡೀ ಯೋಜನೆಯಲ್ಲೇ ಉತ್ತಮ ನಿರ್ವಹಣೆಯದು ಎಂದು ಎರಡು ಬಾರಿ ಹೊಗಳಿತ್ತು.

ಆಮೇಲೆ ಗುಡ್ಡದ ಟ್ಯಾಂಕಿನ ಆ ರಾತ್ರಿಯ ಗೆರೆಯನ್ನೂ ಪಕ್ಕದಲ್ಲಿ ತಂದು ಎರಡನ್ನೂ ಹಿಗ್ಗಿಸಿದೆ. ದೂರದಿಂದ ಎರಡೂ ಒಂದೇ ತರಹದ ಚಪ್ಪಟೆ ಗೆರೆ. ಹತ್ತಿರದಿಂದ ಅಲ್ಲ. ಕೊನೆಯ ಊರಿನದು ಸಣ್ಣಗೆ ನಡುಗುತ್ತಿತ್ತು: 72.1, 71.9, 72.0, 72.2. ಅಷ್ಟೇ ಅಲ್ಲ, ಹಗಲಿಡೀ ಮೆಲ್ಲನೆ ಬಾಗುತ್ತಿತ್ತು. ಮುಂಜಾನೆ ಕೊಂಚ ಮೇಲೆ, ನಡುಮಧ್ಯಾಹ್ನ ಕೊಂಚ ಕೆಳಗೆ. ಗುಡ್ಡದ್ದು ಹಾಗಲ್ಲ. ರಾತ್ರಿ 12 ಗಂಟೆ 40 ನಿಮಿಷದಿಂದ 64.2, 64.2, 64.2, 64.2. ಒಂದು ಹುಲ್ಲೆಳೆಯಷ್ಟೂ ಅಲುಗಾಟವಿಲ್ಲ. ಪ್ರತಿಧ್ವನಿ ಕೇಳಿ ಅಳೆಯುವ ಯಾವ ಉಪಕರಣವೂ ಹೀಗೆ ಉಸಿರು ಬಿಗಿಹಿಡಿದು ನಿಲ್ಲುವುದಿಲ್ಲ. ಒಂದು ಗೆರೆ ಬದುಕಿತ್ತು, ತಪ್ಪು ವಸ್ತುವನ್ನು ನೋಡುತ್ತಿತ್ತು. ಇನ್ನೊಂದು ಸತ್ತಿತ್ತು. ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಎಂದುಕೊಂಡು ಎಲ್ಲರೂ, ನಾನೂ ಸೇರಿ, ಒಂದೇ ಮದ್ದು ಹುಡುಕುತ್ತಿದ್ದೆವು.

ಏಣಿಯ ಮೆಟ್ಟಿಲು

ಕೊನೆಯ ಊರಿನದು ಅರ್ಧ ಗಂಟೆಯಲ್ಲಿ ಬಗೆಹರಿಯಿತು. ಟ್ಯಾಂಕ್ ಹತ್ತಿ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಒಳಗಿಳಿಯುವ ಕಬ್ಬಿಣದ ಏಣಿಯಿಂದ ಅಂಗೈಯಗಲ ದೂರದಲ್ಲಿ ಸೆನ್ಸರ್ ನೇತಾಡುತ್ತಿತ್ತು. ಕೂಡಿಸಿದವನಿಗೆ ಏಣಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬೋಲ್ಟ್ ಬಿಗಿಯಲು ಅದೇ ಅನುಕೂಲದ ಜಾಗ. ಆ ಎತ್ತರದಲ್ಲಿ ನಾನಾದರೂ ಅದನ್ನೇ ಮಾಡುತ್ತಿದ್ದೆನೇನೋ. ಸೆನ್ಸರಿನ ಧ್ವನಿ ಕೆಳಗಿಳಿದಂತೆ ಲಾಳಿಕೆಯನ್ನು ಬೋರಲು ಹಾಕಿದ ಹಾಗೆ ಅಗಲವಾಗುತ್ತದೆ. ಮೇಲಿನ ಮೆಟ್ಟಿಲುಗಳನ್ನು ಅದು ತಪ್ಪಿಸಿಕೊಂಡು ಹೋಗುತ್ತಿತ್ತು, ಅಗಲವಾದ ಮೇಲೆ ಒಂದು ಮೆಟ್ಟಿಲಿಗೆ ತಾಗುತ್ತಿತ್ತು. ನೀರು ಆ ಮೆಟ್ಟಿಲಿಗಿಂತ ಮೇಲಿದ್ದಾಗ ನೀರಿನದೇ ಪ್ರತಿಧ್ವನಿ. ನೀರು ಕೆಳಗಿಳಿದರೆ ಮೊದಲು ಹಿಂದಿರುಗುವುದು ಮೆಟ್ಟಿಲಿನದು. ಟೇಪು ಹಿಡಿದೆ. ಟ್ಯಾಂಕಿನ ಆಳ 3 ಮೀಟರ್, ಆ ಮೆಟ್ಟಿಲು ತಳದಿಂದ 2.16 ಮೀಟರ್. ಭಾಗಿಸಿದರೆ 72.

ಮಧ್ಯಾಹ್ನ ಗೆರೆ ಬಾಗುತ್ತಿದ್ದುದಕ್ಕೂ ಅಲ್ಲೇ ಉತ್ತರವಿತ್ತು. ಗಾಳಿ ಬಿಸಿಯಾದಂತೆ ಧ್ವನಿಯ ವೇಗ ಹೆಚ್ಚುತ್ತದೆ. ಸೆನ್ಸರ್ ತನ್ನ ತಲೆಯ ಬಿಸಿಯನ್ನು ನೋಡಿ ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿಕೊಳ್ಳುತ್ತದೆ. ಬಿಸಿಲಿಗೆ ತಲೆ ಕಾದಿರುತ್ತದೆ, ಒಳಗಿನ ಗಾಳಿ ತಂಪಾಗಿರುತ್ತದೆ. ವೇಗ ಹೆಚ್ಚೆಂದು ತಿಳಿದು ದೂರವನ್ನು ಹೆಚ್ಚಾಗಿ ಎಣಿಸುತ್ತದೆ. ಅಲುಗದ ಕಬ್ಬಿಣದ ಮೆಟ್ಟಿಲು ಸೂರ್ಯನ ಜೊತೆ ಏರಿಳಿಯುವಂತೆ ಕಾಣುತ್ತದೆ. ಸೆನ್ಸರನ್ನು ಏಣಿಯಿಂದ ದೂರ, ಎದುರು ಬದಿಗೆ ಸರಿಸಿದೆವು. ಮರುದಿನ ಮುಂಜಾನೆ ಪರದೆಯ ಮೇಲೆ ಆ ಟ್ಯಾಂಕ್ ತನ್ನ ಜೀವನದಲ್ಲಿ ಮೊದಲ ಬಾರಿಗೆ 11 ಎಂದಿತು, ವಾಲ್ವ್ ತಾನಾಗಿ ತೆರೆಯಿತು.

ಗುಡ್ಡದ ಟ್ಯಾಂಕಿಗೆ ಹೆಚ್ಚು ಅಲೆಯಬೇಕಾಯಿತು. ಸೆನ್ಸರ್ ಬದಲಾಯಿಸಿದ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಆ ದಿನ ಸೆನ್ಸರ್ ಬಿಟ್ಟು ಬೇರೇನು ಮಾಡಿದಿರಿ ಎಂದು ಕೇಳಿದೆ. ಏನಿಲ್ಲ ಎಂದರು. ನಾನು ಬಿಡಲಿಲ್ಲ. “ಪ್ಯಾನೆಲ್ ಮೇಲೆ ಜಲ್ಲಿ ಲಾರಿಗಳ ದೂಳು ಕುಳಿತಿತ್ತು. ಕುಡಿಯುವ ಬಾಟಲಿಯ ನೀರು ಸುರಿದು ಒರೆಸಿದೆ, ಅಷ್ಟೇ.” ಮೂರು ವಾರ ಸರಿಹೋದದ್ದು ಅದರಿಂದ. ದೂಳು ಮತ್ತೆ ಕುಳಿತಿತು, ಹಳೆಯ ಬ್ಯಾಟರಿ ಹಗಲಿನಲ್ಲಿ ಅರೆಬರೆ ತುಂಬಿತು, ನಡುರಾತ್ರಿಯ ಹೊತ್ತಿಗೆ ಸೋತಿತು. ಮೋಡೆಮ್ ಸಂದೇಶ ಕಳುಹಿಸುವ ಗಳಿಗೆಯಲ್ಲಿ ಗಬಕ್ಕನೆ ಕರೆಂಟ್ ಎಳೆಯುತ್ತದೆ. ಸೋತ ಬ್ಯಾಟರಿಯ ವೋಲ್ಟೇಜ್ ಆಗ ಕುಸಿಯುತ್ತದೆ, ಮೋಡೆಮ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ಕಳುಹಿಸಲು ಹೋಗಿ ಆರುತ್ತದೆ. ಬೆಳಗಾಗಿ ಪ್ಯಾನೆಲ್ ಮೇಲೆ ಬಿಸಿಲು ಬೀಳುವವರೆಗೆ ಇದೇ ಆಟ. ಮಧ್ಯಾಹ್ನ ಅಳೆದ ನನಗೆ ಎಲ್ಲವೂ ಸರಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಸಂಪರ್ಕ ಕಡಿಯುವುದು ತಪ್ಪಲ್ಲ. ಹಳ್ಳಿಗಾಡಿನಲ್ಲಿ ಅದು ಕಡಿದೇ ಕಡಿಯುತ್ತದೆ. ಕಡಿದಾಗ ಪರದೆ ಏನು ಹೇಳಿತು ಎಂಬುದು ಪ್ರಶ್ನೆ. ಈ ವ್ಯವಸ್ಥೆ ಕೊನೆಯ ಬಾರಿ ಕೇಳಿದ ಅಂಕಿಯನ್ನೇ ಹಿಡಿದುಕೊಂಡು ಕುಳಿತಿತು. ತಂತ್ರಾಂಶದೊಳಗೆ ಪ್ರತಿ ಅಂಕಿಯ ಜೊತೆಗೂ ಇದು ನಂಬಬಹುದಾದದ್ದು, ಇದು ನಂಬಲಾಗದ್ದು ಎಂಬ ಗುರುತು ಇರುತ್ತದೆ. 12-40ರ ನಂತರ ಆ ಗುರುತು ನಂಬಲಾಗದ್ದು ಎಂದು ಬದಲಾಗಿಯೂ ಇತ್ತು. ಆದರೆ ಪರದೆಯ ಚಿತ್ರ ಬರೆದವನು ಆ ಗುರುತನ್ನು ಬಣ್ಣಕ್ಕೆ ಜೋಡಿಸಿರಲಿಲ್ಲ, ಪಂಪಿನ ನಿಯಮ ಬರೆದವನು ಅದನ್ನು ಓದುತ್ತಲೇ ಇರಲಿಲ್ಲ. 95 ಬಂದರೆ ನಿಲ್ಲು ಎಂದು ಪಂಪಿಗೆ ಹೇಳಿತ್ತು, 95 ಬರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಜಾಗ 1.8 ಲಕ್ಷ ಲೀಟರ್, ಸುಮಾರು ಎರಡೂವರೆಗೆ ತುಂಬಿತು. ಕಣದ ಒಡೆಯ ಬಂದು ಕೂಗಾಡಿ ಪಂಪ್ ನಿಲ್ಲಿಸಿದಾಗ 6 ಗಂಟೆ 20 ನಿಮಿಷ. ನಡುವೆ ಹತ್ತಿರ ಹತ್ತಿರ 3.8 ಲಕ್ಷ ಲೀಟರ್ ಗುಡ್ಡ ಇಳಿದಿತ್ತು.

ಸಂಪರ್ಕ ಕಡಿದರೆ ಕೂಗುವ ಅಲಾರಂ ಇರಲಿಲ್ಲವೇ? ಇತ್ತು. ಬಾಗಿಲು ತೆರೆದರೆ, ಪಂಪ್ ಶುರುವಾದರೆ, ಮೋಡೆಮ್ ಒಂದು ಕ್ಷಣ ತಪ್ಪಿದರೆ, ಎಲ್ಲಕ್ಕೂ ಒಂದೇ ಬಜರ್. ಮೊದಲ ತಿಂಗಳಲ್ಲೇ ರಾತ್ರಿ ಪಾಳಿಯವರು ಬಜರಿನ ಬಾಯಿಗೆ ಹತ್ತಿ ತುರುಕಿ ಟೇಪ್ ಸುತ್ತಿದ್ದರು. ನಾನು ನೋಡಿದಾಗ ಹತ್ತಿ ಕಪ್ಪಾಗಿತ್ತು. ಅಲಾರಂಗಳ ಬಗ್ಗೆ ಬ್ರಿಟನ್ನಿನ ಈಇಎಂಯುಎ ಎಂಬ ಕೈಗಾರಿಕಾ ಉಪಕರಣ ಬಳಕೆದಾರರ ಸಂಘಟನೆ ಪ್ರಕಟಿಸಿದ 191ನೆಯ ಕೈಪಿಡಿ, ಸಹಜ ಸ್ಥಿತಿಯಲ್ಲಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು ಎಂಬ ಅಳತೆ ಕೊಡುತ್ತದೆ. ಇಲ್ಲಿ ಬಿರುಗಾಳಿಯ ದಿನ ನಿಮಿಷಕ್ಕೆ ಹತ್ತು ಬರುತ್ತಿದ್ದವು. ಹತ್ತಿ ತುರುಕಿದವನನ್ನು ನಾನು ಬೈಯಲಾರೆ.

ಗೊತ್ತಿಲ್ಲದಾಗ ಪಂಪ್ ಏನು ಮಾಡಬೇಕು?

ಪ್ಯಾನೆಲ್ ಒರೆಸಿ, ಬ್ಯಾಟರಿ ಬದಲಾಯಿಸಿ, ಬಿಲ್ ಮಾಡಿ ಎದ್ದುಬರಬಹುದಿತ್ತು. ಹಾಗೆ ಮಾಡಿದ್ದರೆ ಮುಂದಿನ ವರ್ಷ ಮತ್ತೊಂದು ಮೆದೆ ನೆನೆಯುತ್ತಿತ್ತು. ನಿಜವಾದ ಚರ್ಚೆ ನಡೆದದ್ದು ಬೇರೆ ಪ್ರಶ್ನೆಯ ಮೇಲೆ: ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಗೊತ್ತಿಲ್ಲದಿದ್ದಾಗ ಪಂಪ್ ನಿಲ್ಲಬೇಕೋ, ಓಡಬೇಕೋ? ಯೋಜನೆಯ ಎಂಜಿನಿಯರ್ ನಿಲ್ಲಲಿ ಎಂದರು. ನಿರ್ವಹಣೆಯ ಮೇಲ್ವಿಚಾರಕ, ನಿಂತರೆ ಬೆಳಗ್ಗೆ ಹನ್ನೊಂದು ಊರುಗಳ ಕೊಡಗಳು ನನ್ನ ಮುಂದೆ ಬರುತ್ತವೆ, ಓಡಲಿ ಎಂದರು. ಇಬ್ಬರೂ ಸರಿ. ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಆ ಜಾಗದಲ್ಲಿ ಯಾವ ನಷ್ಟ ಸಹಿಸಬಹುದು ಎಂದು ಅಲ್ಲಿನವರೇ ನಿರ್ಧರಿಸಬೇಕು.

ಕೊನೆಗೆ ಒಪ್ಪಿದ್ದು ಹೀಗೆ. ಪ್ರತಿ ಪೆಟ್ಟಿಗೆಯೂ ನಿಮಿಷಕ್ಕೊಮ್ಮೆ ಒಂದು ಎಣಿಕೆಯನ್ನು ಏರಿಸಿ ಕಳುಹಿಸುತ್ತದೆ, ನಾಡಿಬಡಿತದ ಹಾಗೆ. ಐದು ನಿಮಿಷ ಎಣಿಕೆ ಬದಲಾಗದಿದ್ದರೆ ಆ ಟ್ಯಾಂಕ್ ಪರದೆಯ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅಂಕಿಯ ಕೆಳಗೆ ಅದರ ವಯಸ್ಸು ಕಾಣಿಸುತ್ತದೆ: ‘64, ಇದು 3 ಗಂಟೆ 12 ನಿಮಿಷ ಹಿಂದಿನದು.’ ಪಂಪ್ ತಕ್ಷಣ ನಿಲ್ಲುವುದಿಲ್ಲ. ಕೊನೆಯ ಅಂಕಿಯಿಂದ ಟ್ಯಾಂಕ್ ತುಂಬಲು ಎಷ್ಟು ಹೊತ್ತು ಬೇಕೋ ಲೆಕ್ಕ ಹಾಕಿ ಅಷ್ಟೇ ಹೊತ್ತು ಓಡಿ ನಿಲ್ಲುತ್ತದೆ.

ಇದರ ಜೊತೆಗೆ ಗುಡ್ಡದ ಟ್ಯಾಂಕಿಗೆ ಸಿಮ್, ಬ್ಯಾಟರಿ, ತಂತ್ರಾಂಶ ಯಾವುದರ ಹಂಗೂ ಇಲ್ಲದ ತೇಲುಬುರುಡೆಯ ವಾಲ್ವ್ ಹಾಕೋಣ ಎಂದೆ. ಸಭೆಯಲ್ಲಿ ನಗು. ಇಷ್ಟು ದುಡ್ಡಿನ ವ್ಯವಸ್ಥೆ ಕೂಡಿಸಿ ಕಡೆಗೆ ಕಕ್ಕಸಿನ ತೊಟ್ಟಿಯ ಬುರುಡೆಯೇ ಎಂದು ಒಬ್ಬರು ಕೇಳಿದರು. ನಾವು ಕುಳಿತಿದ್ದದ್ದು ಮಂಡ್ಯ ಜಿಲ್ಲೆಯಲ್ಲಿ. ಸಭೆಯ ಕೋಣೆಯ ಗೋಡೆಯ ಮೇಲೆ ಪೇಟ ಸುತ್ತಿದ ವಿಶ್ವೇಶ್ವರಯ್ಯನವರ ಚಿತ್ರವಿತ್ತು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರು ಕೂಡಿಸಿದ, ಪೇಟೆಂಟ್ ಪಡೆದ ಗೇಟುಗಳು ನೀರಿನ ಮಟ್ಟಕ್ಕೆ ತಾವಾಗಿ ತೆರೆದು ಮುಚ್ಚುತ್ತಿದ್ದವು, ಅವಕ್ಕೆ ಕಂಪ್ಯೂಟರ್ ಇರಲಿಲ್ಲ ಎಂದೆ. ನಗು ನಿಂತಿತು. ನಂತರ ಬನ್ಸ್‌ಫೀಲ್ಡ್ ಕಥೆ ಹೇಳಿದೆ. 2005ರ ಡಿಸೆಂಬರ್ 11ರಂದು ಬ್ರಿಟನ್ನಿನ ಆ ತೈಲ ಸಂಗ್ರಹಾಗಾರದಲ್ಲಿ ಪೆಟ್ರೋಲ್ ತುಂಬುತ್ತಿದ್ದ ಟ್ಯಾಂಕಿನ ಮಟ್ಟಮಾಪಕ ಬೆಳಗಿನ ಜಾವ ಮೂರರ ಸುಮಾರಿಗೆ ಚಪ್ಪಟೆ ಗೆರೆ ಎಳೆದು ನಿಂತುಬಿಟ್ಟಿತು. ತುಂಬುವುದು ನಿಲ್ಲಲಿಲ್ಲ. ಬೇರೆಯಾಗಿ ಇಟ್ಟಿದ್ದ ಎತ್ತರದ ಮಟ್ಟದ ಸ್ವಿಚ್ ಕೂಡ ಕೆಲಸ ಮಾಡಲಿಲ್ಲ. ಆರು ಗಂಟೆಗೆ ಸ್ಫೋಟ. ನಮ್ಮಲ್ಲಿ ಉಕ್ಕಿದ್ದು ನೀರು, ಪುಣ್ಯ.

ಬುರುಡೆ ವಾಲ್ವ್ ಹಾಕುವುದರಲ್ಲಿ ನಾನು ಎಡವಿದೆ. ಮೊದಲು ಕೂಡಿಸಿದ್ದು ಪಟ್ಟನೆ ಮುಚ್ಚುವ ಜಾತಿಯದು. ಪರೀಕ್ಷೆಗೆ ಬುರುಡೆಯನ್ನು ಕೈಯಿಂದ ಎತ್ತಿದೆವು. ನಾಲ್ಕು ಕಿಲೋಮೀಟರ್ ಪೈಪಿನಲ್ಲಿ ಓಡುತ್ತಿದ್ದ ನೀರು ಒಮ್ಮೆಲೇ ಗೋಡೆಗೆ ಹಾಯ್ದ ಹಾಗಾಗಿ, ಒತ್ತಡದ ಅಲೆ ಹಿಂದಕ್ಕೆ ಓಡಿ, ಗುಡ್ಡದ ಬುಡದಲ್ಲಿ ಪೈಪಿನ ಗಾಳಿ ಹೊರಬಿಡಲು ಇದ್ದ ವಾಲ್ವಿನ ಗ್ಯಾಸ್ಕೆಟ್ ಹಾರಿಹೋಯಿತು. ಅದೇ ಕಣದ ಪಕ್ಕದಲ್ಲಿ. ಕಣದ ಒಡೆಯನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆಮೇಲೆ ನಿಧಾನವಾಗಿ ಮುಚ್ಚುವ ವಾಲ್ವ್ ತಂದು, ಪಂಪ್‌ಹೌಸಿನಲ್ಲಿ ಒತ್ತಡ ಮೀರಿದರೆ ಪಂಪನ್ನು ನಿಲ್ಲಿಸುವ ಸ್ವಿಚ್ ಜೋಡಿಸಿದೆವು. ಪ್ರತಿ ಸೋಮವಾರ ಒಬ್ಬರು ಹೋಗಿ ಬುರುಡೆಯನ್ನು ಎತ್ತಿ ನೋಡಿ ಪುಸ್ತಕದಲ್ಲಿ ಬರೆಯಬೇಕು ಎಂಬುದನ್ನೂ ಸೇರಿಸಿದೆವು.

ಕೆದಕುವಾಗ ಇನ್ನೊಂದು ಹುಳ ಕಂಡಿತು. ಸಿಮ್‌ಗಳು ಸಾರ್ವಜನಿಕ ಅಂತರ್ಜಾಲದಲ್ಲೇ ಬಾಗಿಲು ತೆರೆದು ಕುಳಿತಿದ್ದವು. ಪೆಟ್ಟಿಗೆಗಳು ಮಾತನಾಡುವ ಮಾಡ್‌ಬಸ್ ಭಾಷೆ 1979ರದು. ಯಾರು ಕೇಳುತ್ತಿದ್ದಾರೆ ಎಂದು ಅದು ವಿಚಾರಿಸುವುದಿಲ್ಲ, ಕೇಳಿದವರಿಗೆ ವಾಲ್ವ್ ತೆರೆದುಕೊಡುತ್ತದೆ. 2000ದಲ್ಲಿ ಆಸ್ಟ್ರೇಲಿಯಾದ ಮರೂಚಿಯಲ್ಲಿ ಮುನಿಸಿಕೊಂಡ ಮಾಜಿ ಗುತ್ತಿಗೆ ನೌಕರನೊಬ್ಬ ರೇಡಿಯೊ ಮೂಲಕ ಒಳಚರಂಡಿ ಪಂಪುಗಳನ್ನು ಕೆಡಿಸಿ, ಸುಮಾರು 8 ಲಕ್ಷ ಲೀಟರ್ ಕೊಳಚೆಯನ್ನು ಉದ್ಯಾನಗಳಿಗೂ ಹೊಳೆಗೂ ಹರಿಸಿದ್ದ. ಇಲ್ಲಿ ಕೆಲಸ ಬಿಟ್ಟುಹೋದ ಇಬ್ಬರ ಮೊಬೈಲಿನಲ್ಲಿ ಪಂಪಿನ ಆ್ಯಪ್ ಇನ್ನೂ ಕೆಲಸ ಮಾಡುತ್ತಿತ್ತು. ಸಿಮ್‌ಗಳನ್ನು ಖಾಸಗಿ ಜಾಲಕ್ಕೆ ಸೇರಿಸಿ, ಗುಪ್ತಪದಗಳನ್ನು ಬದಲಾಯಿಸಿದೆವು.

ಬೂದು ಬಣ್ಣ

ಹೊಸ ಪರದೆ ಚಾಲೂ ಆದ ಮೊದಲ ರಾತ್ರಿಯೇ ಹನ್ನೊಂದರಲ್ಲಿ ನಾಲ್ಕು ಟ್ಯಾಂಕುಗಳು ಬೂದಾದವು. ಹಿಂದೆಯೂ ಅವು ಹಾಗೇ ಕಡಿದುಹೋಗುತ್ತಿದ್ದವು, ಹಸಿರಾಗಿ ಕಾಣುತ್ತಿದ್ದವು ಅಷ್ಟೇ. ಆದರೆ ಇದು ಯಾರಿಗೆ ಅರ್ಥವಾಗುತ್ತದೆ? ರಿಪೇರಿಯವನು ಬಂದು ಇದ್ದದ್ದನ್ನೂ ಕೆಡಿಸಿದ ಎಂಬ ಮಾತು ಎರಡೇ ದಿನಗಳಲ್ಲಿ ಹಬ್ಬಿತು. ತಿಂಗಳ ಕೊನೆಗೆ ಇನ್ನೂ ದೊಡ್ಡ ಪೇಚು. ಮಾಸಿಕ ವರದಿಯಲ್ಲಿ ಮಾಹಿತಿ ಲಭ್ಯತೆ ಎಂಬ ಅಂಕಣವಿದೆ, ನಿರ್ವಹಣೆಯ ಬಿಲ್ಲು ಅದರ ಮೇಲೆ ನಿಂತಿದೆ. ಹಳೆಯ ಅಂಕಿಗಳನ್ನೂ ಹೊಸದೆಂದು ಎಣಿಸುತ್ತಿದ್ದಾಗ ಅದು ಸದಾ 99. ಈಗ 83. ಮೇಲ್ವಿಚಾರಕ ನನ್ನನ್ನು ಚಹಾಕ್ಕೆ ಕರೆದು, ಬೂದು ಬಣ್ಣವನ್ನು ಸ್ವಲ್ಪ ತಿಳಿಹಸಿರು ಮಾಡಲು ಬರುವುದಿಲ್ಲವೇ ಎಂದು ಕೇಳಿದ. ಕೆಟ್ಟ ಮನುಷ್ಯನಲ್ಲ, ಬಿಲ್ಲಿನ ಹಣದಲ್ಲಿ ಆರು ಜನರ ಸಂಬಳ ಹೋಗಬೇಕಿತ್ತು. ಬಣ್ಣ ಬದಲಾಗಲಿಲ್ಲ. ಎಂಜಿನಿಯರ್ ಒಂದು ದಾರಿ ಕಂಡರು: ಮೂರು ತಿಂಗಳು ಆ ಅಂಕಣಕ್ಕೆ ದಂಡ ಹಾಕದೆ, ಅಷ್ಟರಲ್ಲಿ ಬ್ಯಾಟರಿಗಳನ್ನೂ ಪ್ಯಾನೆಲ್‌ಗಳನ್ನೂ ಸರಿಪಡಿಸಲು ಹೇಳಿದರು. ನಾಲ್ಕರಲ್ಲಿ ಮೂರು ಸರಿಹೋದವು. ಒಂದು ಊರು ತಗ್ಗಿನಲ್ಲಿದೆ, ಅಲ್ಲಿ ಮೊಬೈಲ್ ಸಿಗ್ನಲ್ ಇಂದಿಗೂ ಮಳೆಗಾಲದಲ್ಲಿ ಕೈಕೊಡುತ್ತದೆ.

ಬೀಗಗಳನ್ನು ತೆಗೆದರು. ಗುಂಡಿ ಮೂರು ಗಂಟೆಗೂ ಹೆಚ್ಚು ಹೊತ್ತು ‘ಸ್ಥಳೀಯ’ದಲ್ಲಿ ಉಳಿದರೆ ಕಂಟ್ರೋಲ್ ರೂಮಿನಿಂದ ನೀರುಗಂಟಿಗೆ ಒಂದು ಫೋನ್ ಹೋಗುತ್ತದೆ, ಅಷ್ಟೇ. ಬೂದಾದ ಟ್ಯಾಂಕಿಗೂ ಅದೇ ಕ್ರಮ: ಫೋನ್ ಮಾಡಿ ಹಲಗೆಯ ಅಂಕಿ ಕೇಳಿ ಬರೆದುಕೊಳ್ಳುತ್ತಾರೆ. ಅಲಾರಂಗಳನ್ನು ಒಂಬತ್ತಕ್ಕೆ ಇಳಿಸಿದೆವು, ಬಜರಿನ ಹತ್ತಿಯನ್ನು ಪಾಳಿಯವರೇ ತೆಗೆದರು. ನೀರುಗಂಟಿಗೆ ಕೊಟ್ಟಿದ್ದ ನೋಟಿಸನ್ನು ಬಾಯಿಮಾತಿನಲ್ಲಿ ಹಿಂದಕ್ಕೆ ಪಡೆದಿದ್ದಾರೆ. ಕಾಗದದಲ್ಲಿ ಇನ್ನೂ ಇದೆ.

ಕಾಗದದಲ್ಲಿ ಇನ್ನೊಂದೂ ಉಳಿದಿದೆ. ನೆನೆದ ರಾಗಿಗೆ ಪರಿಹಾರ ಕೇಳಿ ಕಣದ ಒಡೆಯ ಅರ್ಜಿ ಹಾಕಿದ್ದ. ಕಡತ ನೋಡುವವರು, ಸರಿಯಾಗಿಯೇ, ಆ ರಾತ್ರಿ ಟ್ಯಾಂಕ್ ಉಕ್ಕಿತ್ತು ಎಂಬುದಕ್ಕೆ ದಾಖಲೆ ಕೇಳಿದರು. ಕಂಪ್ಯೂಟರಿನಿಂದ ಗಂಟೆಗೊಂದರಂತೆ ಮುದ್ರಿಸಿದ ವರದಿಯನ್ನು ಲಗತ್ತಿಸಿದರು. ಒಂದು ಗಂಟೆಗೆ 64, ಎರಡಕ್ಕೆ 64, ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ, ಆರಕ್ಕೆ 64. ಆ ಹಾಳೆಯ ಪ್ರಕಾರ ಅಂದು ರಾತ್ರಿ ಒಂದು ಹನಿಯೂ ಚೆಲ್ಲಿಲ್ಲ. ನಾನು ಎರಡು ಪುಟದ ವಿವರಣೆ ಬರೆದು, ಅಲುಗದ ಗೆರೆಯ ಚಿತ್ರವನ್ನೂ, ಪಂಪ್ ನಿಂತ ಮೇಲೆ ಒಂದೇ ನಿಮಿಷದಲ್ಲಿ ಟ್ಯಾಂಕ್ 64ರಿಂದ 100ಕ್ಕೆ ಜಿಗಿದ ಗಳಿಗೆಯ ಅಂಕಿಗಳನ್ನೂ ಜೋಡಿಸಿ ಕೊಟ್ಟಿದ್ದೇನೆ. ಕಳೆದ ಬಾರಿ ವಿಚಾರಿಸಿದಾಗ, ಎರಡು ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ಟಿಪ್ಪಣಿಯೊಂದಿಗೆ ಕಡತ ಮೇಲಿನ ಕಚೇರಿಗೆ ಹೋಗಿತ್ತು.